ಬದಲಾದ ಕೈ

ನಿನ್ನೆ ಬಂದಿದ್ದ ಗಿರಾಕಿಯ ಹಿರಿಯ ಮಗ ಬಾಗಿಲನ್ನು ಒದ್ದು ತೆರೆದಾಗ ಒತ್ತಕ್ಕ ನೆಲದ ಹಾಸಿಗೆಗೆ ಮಡಿ ಹೊದಿಕೆ ಹಾಸುತ್ತಿದ್ದಳು. ಚಿಲಕ ಕಿತ್ತುಬಂದು ಗೋಡೆಗೆ ಬಡಿಯಿತು. ಗಾರೆಯ ಪುಡಿ ಹೊದಿಕೆಯ ಮೇಲೆಲ್ಲ ಉದುರಿತು. ಅವನ ಬೆನ್ನಿಗೇ ಕಿರಿಯವನೂ ಬಂದ. ಕೈಯಲ್ಲಿ ಲಾರಿಯ ಟೈರು ಬಿಚ್ಚುವ ಸಲಾಕೆಯಿತ್ತು.

"ನಮ್ಮಮ್ಮನ್ನ ಒತ್ತಿದ್ದು ಯಾರು?" ಎಂದ ಹಿರಿಯವ. ಕೂಗಲಿಲ್ಲ. ಕೂಗಿದ್ದರೆ ಒತ್ತಕ್ಕನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಒತ್ತಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಮೈ ಒತ್ತಿ ನೋವು ಇಳಿಸುವ ಜಪಾನಿ ಚಿಕಿತ್ಸೆಯ ಹೆಸರು, ಶಿಯಾತ್ಸು ಎಂದು ಫಲಕದಲ್ಲಿ ಬರೆಸಿದ್ದರೂ ಆ ಪದಕ್ಕೆ ನಾಲಿಗೆ ಹೊರಳದವರೇ ಹೆಚ್ಚು. "ಎಣ್ಣೆ ಹಚ್ಚಲ್ಲ, ಬಟ್ಟೆ ಬಿಚ್ಚಿಸಲ್ಲ, ಮತ್ತೇನು ಮಾಡ್ತೀರಿ?" ಎಂದು ಕೇಳಿದವರಿಗೆಲ್ಲ ಅವಳು "ಒತ್ತುತ್ತೀನಿ" ಎಂದಷ್ಟೇ ಹೇಳುತ್ತಿದ್ದಳು. ಪರದೆಯ ಆಚೆ ಅದೇ ಕೆಲಸ ಮಾಡುವ ಅವಳ ತಮ್ಮನಿಗೆ ಸುತ್ತಿಗೆ ಎಂದು ಹೆಸರು. ಮೂಟೆ ಹೊರುವವರು, ಕುಸ್ತಿಯವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಯ್ಯೋ ಅನ್ನಿಸದಿದ್ದರೆ ಅದೆಂಥ ಒತ್ತೋದು ಎನ್ನುತ್ತಿದ್ದ. "ಜನರ ಬೆನ್ನಿಗೆ ಬಹುವಚನ ಹಚ್ಚಿ ಮಾತಾಡಿಸ್ತೀಯ ಕಣೇ ನೀನು" ಎಂದು ಅಕ್ಕನನ್ನು ರೇಗಿಸುತ್ತಿದ್ದ. "ನೀನೂ ಸ್ವಲ್ಪ ಹಚ್ಚು, ಸವೆದು ಹೋಗಲ್ಲ" ಎನ್ನುತ್ತಿದ್ದಳು ಅವಳು.

ಈ ಕೆಲಸದಲ್ಲಿ ಒಂದು ಕೈ ಒತ್ತುವಾಗ ಇನ್ನೊಂದು ಸುಮ್ಮನೆ ಮೈಮೇಲೆ ಕೂತಿರುತ್ತದೆ. ಅದನ್ನು ತಾಯಿ ಕೈ ಎನ್ನುತ್ತಾರೆ. ಅದು ಎದ್ದುಹೋದರೆ ಮಲಗಿದವರ ಮೈ ಬೆಚ್ಚುತ್ತದೆ, ಸಡಿಲವಾದದ್ದೆಲ್ಲ ಮತ್ತೆ ಬಿಗಿಯುತ್ತದೆ. ಕಲಿಯುವ ಕಾಲದಲ್ಲೇ ಅಕ್ಕ ತಮ್ಮ ಒಂದು ಚಮತ್ಕಾರ ರೂಢಿಸಿಕೊಂಡಿದ್ದರು. ಒಬ್ಬರ ಅಂಗೈ ಏಳುವ ಮೊದಲೇ ಇನ್ನೊಬ್ಬರ ಅಂಗೈ ಅದರ ಕೆಳಗೆ ಜಾರಿಕೊಳ್ಳಬೇಕು. ಬೋರಲು ಮಲಗಿದವರಿಗೆ ಗೊತ್ತೇ ಆಗಬಾರದು. ಕಲಿಸಿದ ಗುರುಗಳೇ ಒಮ್ಮೆ ಮೋಸಹೋಗಿದ್ದರು. ಆ ಹೆಮ್ಮೆ ಇಬ್ಬರಿಗೂ ಇತ್ತು.

ನಿನ್ನೆ ಈ ಹುಡುಗರ ತಾಯಿ ಹೀಗೇ ಬೋರಲು ಮಲಗಿದ್ದಾಗ ಒತ್ತಕ್ಕನ ಮಗಳ ಶಾಲೆಯಿಂದ ಫೋನು ಬಂತು. ಮಗು ಮೆಟ್ಟಿಲಿಂದ ಬಿದ್ದಿತ್ತು. ಸುತ್ತಿಗೆ ಬಿಡುವಾಗಿದ್ದ. ಅಕ್ಕ ಕಣ್ಣಲ್ಲೇ ಕರೆದಳು, ಅವನು ಬಂದ, ಅಂಗೈ ಕೆಳಗೆ ಅಂಗೈ ಜಾರಿತು. ಈಗ ನನ್ನ ತಮ್ಮ ಒತ್ತಬಹುದಾ ಎಂದು ಆಕೆಯನ್ನು ಕೇಳಲಿಲ್ಲ. ಉಬ್ಬಸಕ್ಕೆ ಆಕೆ ವರ್ಷಗಟ್ಟಲೆ ಮಾತ್ರೆ ನುಂಗಿ ಮೂಳೆ ಹಪ್ಪಳವಾಗಿದೆ, ಬರೀ ಅಂಗೈಯಲ್ಲಿ ಮಾಡು ಎಂದು ತಮ್ಮನಿಗೂ ಹೇಳಲಿಲ್ಲ. ಬಾಗಿಲ ಹೊರಗೆ ನಿಂತು ಹೆಚ್ಚು ಪೆಟ್ಟಾಯಿತಾ ಎಂದು ಟೀಚರನ್ನು ಕೇಳುತ್ತಿದ್ದಾಗ ಒಳಗೆ ಟಕ್ಕೆಂದ ಸದ್ದು. ಒಳಗೆ ಓಡಿದಳು. ಸುತ್ತಿಗೆ ಮೊಣಕೈ ಎತ್ತಿಕೊಂಡು ಕೂತಿದ್ದ. ಆಕೆ "ಏನಿಲ್ಲ" ಎಂದು ಎದ್ದು, ಗೋಡೆ ಹಿಡಿದುಕೊಂಡು ಮನೆಗೆ ಹೋಗಿದ್ದಳು.

"ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿದೆ" ಎಂದ ಹಿರಿಯವ. "ಅಮ್ಮ ಬಂದಿದ್ದು ನಿನ್ನ ಹತ್ರ. ಆದರೆ ನಿನ್ನ ಕೈಯಲ್ಲಿ ಮೂಳೆ ಮುರಿಯೋ ದಮ್ಮಿಲ್ಲ ಅಂತಾರೆ ಬೀದೀಲಿ. ಅದಕ್ಕೇ ಕೇಳ್ತಿದೀನಿ. ಒತ್ತಿದ ಬೆರಳು ಯಾವುದೋ, ಅದು ನಾಳೆಯಿಂದ ಅನ್ನ ಕಲಸಬಾರದು."

ಕಿರಿಯವ ಅವಳ ಬಲಗೈ ಎಳೆದು ಹಾಸಿಗೆ ಪಕ್ಕದ ಮಣೆಯ ಮೇಲೆ ಚಾಚಿಸಿ ಮಣಿಕಟ್ಟನ್ನು ಮಂಡಿಯಿಂದ ಅದುಮಿದ. ಸಲಾಕೆಯ ತುದಿಯನ್ನು ಅವಳ ಹೆಬ್ಬೆರಳ ಮೇಲಿಟ್ಟ. ಕಬ್ಬಿಣ ತಣ್ಣಗಿತ್ತು.

ಪರದೆ ಸರಿಯಿತು. ಸುತ್ತಿಗೆ ಟವೆಲಿನಿಂದ ಕೈ ಒರೆಸುತ್ತ ಬಂದು ನಿಂತ. ಮಣೆ ನೋಡಿದ, ಸಲಾಕೆ ನೋಡಿದ. ಅಕ್ಕನ ಮುಖ ಮಾತ್ರ ನೋಡಲಿಲ್ಲ.

"ನಮ್ಮಲ್ಲಿ ಯಾರ ಗಿರಾಕೀನ ಅವರೇ ಒತ್ತೋದು" ಎಂದ.

ನಿನ್ನೆ ಆ ತಾಯಿಯನ್ನು ಇವನ ಕೈಗೆ ಕೊಟ್ಟವಳು ಒತ್ತಕ್ಕನೇ. ಹೌದು ನಾನೇ ಎಂದರೆ ಅವನ ಕೈ ಉಳಿಯುತ್ತಿತ್ತು. ಅರ್ಧ ನಿಜವೂ ಆಗುತ್ತಿತ್ತು. ಆದರೆ ಹಾಸಿಗೆಯ ಮೇಲೆ ಬೋರಲು ಮಲಗಿ ಕತ್ತು ಒಪ್ಪಿಸಿದವಳಿಗೆ ಅರ್ಧ ನಿಜ ಕೊಟ್ಟದ್ದಕ್ಕೇ ವಿಷಯ ಇಲ್ಲಿಯವರೆಗೆ ಬಂದದ್ದು.

"ಮೊದಲು ನಾನು" ಎಂದಳು. "ಆಮೇಲೆ ಇವನು. ಮೂಳೆ ಮುರಿದದ್ದು ಇವನ ಮೊಣಕೈ. ನಿಮ್ಮಮ್ಮನ್ನ ಕೇಳದೆ ಇವನ ಕೈಗೆ ಕೊಟ್ಟಿದ್ದು ನಾನು. ಎರಡನ್ನೂ ಕೇಳಿಸ್ಕೊಳ್ಳಿ."

"ನಾಲಿಗೆ ಸೀದು ಹೋಗ ನಿಂದು" ಎಂದ ತಮ್ಮ.

ಸಲಾಕೆ ಮಣೆಯಿಂದೆದ್ದು ಅವನ ಭುಜಕ್ಕೆ ಬಿತ್ತು. ಎರಡನೇ ಏಟಿಗೆ ಅವನು ಬಗ್ಗಿ ಒಳನುಗ್ಗಿದ. ಕಿರಿಯವನ ಕತ್ತಿನ ಬುಡ ಹಿಡಿದು, ಕಾಲರ್ ಮೂಳೆಯ ಹಿಂದಿನ ಕುಳಿಗೆ ಹೆಬ್ಬೆರಳು ಇಳಿಸಿದ. ಭಾರ ಹೊತ್ತವರ ತೋಳು ಹಗುರಾಗಲೆಂದು ಅವನು ದಿನವೂ ಮೆಲ್ಲಗೆ ಹುಡುಕುವ ಜಾಗವದು. ಈಗ ಮೊಳೆ ಹೊಡೆದಂತೆ ಹೊಡೆದ. ಹುಡುಗನ ತೋಳು ಸತ್ತ ಹಾವಿನಂತೆ ಜೋತುಬಿತ್ತು. ಸಲಾಕೆ ನೆಲಕ್ಕೆ ಉರುಳಿತು. ಹಿರಿಯವ ಹಿಂದಿನಿಂದ ಬಂದು ಸುತ್ತಿಗೆಯ ಬಾಯಿಗೆ ಗುದ್ದಿದ. ಹಲ್ಲೊಂದು ಹಾರಿ, ಮಡಿ ಹೊದಿಕೆಯ ಮೇಲೆ ರಕ್ತ ಚಿಮ್ಮಿತು. ಇಬ್ಬರೂ ಪರದೆಯ ಸಮೇತ ಬಿದ್ದರು. ಸುತ್ತಿಗೆ ಮೇಲೆದ್ದ. ಹಿರಿಯವನ ಕೂದಲು ಹಿಡಿದು ಮೂಗನ್ನು ನೆಲಕ್ಕೆ ಜಜ್ಜಿದ, ಮತ್ತೆ ಜಜ್ಜಿದ. ಹಾಸಿಗೆಗೆ ಎಳೆದುಹಾಕಿ, ಬೋರಲು ಕೆಡವಿ, ಒಂದು ತೋಳನ್ನು ಬೆನ್ನ ಮೇಲಕ್ಕೆ ತಿರುಚಿ, ಹೆಗಲೆಲುಬುಗಳ ನಡುವೆ ಮಂಡಿಯೂರಿದ.

"ಉಸಿರು ಬಿಡು" ಎಂದ.

ಗಿರಾಕಿಗಳಿಗೆ ಹೇಳುವ ಅದೇ ದನಿ. ಮಲಗಿದವನು ಉಸಿರು ಬಿಟ್ಟ. ಬಿಡದೆ ಉಪಾಯವಿರಲಿಲ್ಲ. ಬಿಟ್ಟೊಡನೆ ಸುತ್ತಿಗೆ ಇನ್ನಷ್ಟು ಭಾರ ಹಾಕಿದ. ಮತ್ತೆ ಎಳೆದುಕೊಳ್ಳಲು ಜಾಗ ಕೊಡಲಿಲ್ಲ.

ಹಿರಿಯವನ ಇನ್ನೊಂದು ಕೈ ಹಾಸಿಗೆಯನ್ನು ಪಟಪಟನೆ ತಟ್ಟತೊಡಗಿತು. ಈ ಕೋಣೆಯಲ್ಲಿ ಮಲಗುವ ಪ್ರತಿಯೊಬ್ಬರಿಗೂ ಮೊದಲು ಹೇಳಿಕೊಡುವುದು ಅದನ್ನೇ: ಸಾಕು ಅನಿಸಿದರೆ ಹಾಸಿಗೆ ತಟ್ಟಿ, ನಿಲ್ಲಿಸುತ್ತೇವೆ. ಇವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಬಿಡೋ, ತಟ್ತಾ ಇದಾನೆ" ಎಂದಳು ಒತ್ತಕ್ಕ.

"ತಟ್ಟಲಿ."

ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದಳು. ಹೊಲಿಗೆ ಬಿಚ್ಚಿತೇ ಹೊರತು ಅವನು ಅಲುಗಲಿಲ್ಲ. ಕಿರಿಯವ ಗೋಡೆಗೊರಗಿ, ಸತ್ತ ತೋಳನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು "ಅಣ್ಣ, ಅಣ್ಣ" ಎಂದು ಗೊಣಗುತ್ತಿದ್ದ. ತಟ್ಟುವ ಕೈ ನಿಧಾನವಾಯಿತು. ಬೆರಳು ಮಾತ್ರ ಆಡುತ್ತಿದ್ದವು. ಅವಳು ಸಲಾಕೆ ಎತ್ತಿಕೊಂಡಳು. ತಲೆಗೆ ಹೊಡೆದರೆ ಸಾಯುತ್ತಾನೆ, ಭುಜಕ್ಕೆ ಹೊಡೆದರೆ ಬಿಡುವುದಿಲ್ಲ. ತಿರುಚಿದ ತೋಳನ್ನು ಹಿಡಿದಿದ್ದ ಅವನ ಬಲಗೈಯ ಮಣಿಕಟ್ಟಿನ ಮೇಲೆ ಎರಡೂ ಕೈ ಸೇರಿಸಿ ಬಾರಿಸಿದಳು.

ಸುತ್ತಿಗೆ ಪಕ್ಕಕ್ಕೆ ಉರುಳಿದ. ಕೈ ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ಹಿರಿಯವ ಬಾವಿಯ ತಳದಿಂದ ಮೇಲೆ ಬಂದವನಂತೆ ಉಸಿರೆಳೆದು, ಅಲ್ಲೇ ವಾಂತಿ ಮಾಡಿಕೊಂಡ.

"ಕೈ ಮುರಿದೆಯಲ್ಲೇ" ಎಂದ ತಮ್ಮ, ರಕ್ತ ತುಂಬಿದ ಬಾಯಲ್ಲಿ. "ನನ್ನ ಕೈ ಕಣೇ ಇದು."

"ಹೂಂ" ಎಂದಳು. ಸಲಾಕೆ ಕೆಳಗಿಟ್ಟಳು.

ಬಾಗಿಲಲ್ಲಿ ಆ ಹುಡುಗರ ಲಾರಿ ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ಹೊಡೆದವರು, ಹೊಡೆಸಿಕೊಂಡವರು ಎಲ್ಲರೂ ಅದರಲ್ಲೇ ಆಸ್ಪತ್ರೆಗೆ ಹೋದರು. ಮೂಗಿಗೆ ಹೊದಿಕೆಯ ಚೂರು ತುರುಕಿಕೊಂಡು ಹಿರಿಯವ ಓಡಿಸಿದ. ಕಿರಿಯವನ ತೋಳು ಅಲುಗದಂತೆ ಒತ್ತಕ್ಕ ಹಿಡಿದು ಕೂತಳು. ಸುತ್ತಿಗೆ ಹಿಂದೆ ಸಾಮಾನು ತುಂಬುವ ಜಾಗದಲ್ಲಿ. ಹಳ್ಳ ಬಂದಾಗಲೆಲ್ಲ ಅವನ ನರಳಾಟ ಮುಂದಕ್ಕೆ ಕೇಳುತ್ತಿತ್ತು. "ಹಳ್ಳ ನೋಡಿ ಓಡಿಸು" ಎಂದ ಕಿರಿಯವ ಅಣ್ಣನಿಗೆ. "ನೋಡೇ ಓಡಿಸ್ತಿದೀನಿ" ಎಂದು ಹಿರಿಯವ ಇನ್ನೊಂದು ಹಳ್ಳಕ್ಕೆ ಇಳಿಸಿದ.

ಆಸ್ಪತ್ರೆಯಲ್ಲಿ ಹುಡುಗರ ತಾಯಿ ದಿಂಬುಗಳಿಗೆ ಒರಗಿ ಕೂತಿದ್ದಳು. ಎದೆಯ ಪಕ್ಕದಿಂದ ಕೊಳವೆಯೊಂದು ಮಂಚದ ಕೆಳಗಿನ ಡಬ್ಬಿಗೆ ಇಳಿದಿತ್ತು. ಹಿರಿಯ ಮಗನ ಮುಖ ನೋಡಿದಳು, ಒತ್ತಕ್ಕನ ಕುಪ್ಪಸದ ಮೇಲಿನ ರಕ್ತ ನೋಡಿದಳು.

"ಅರ್ಧಕ್ಕೆ ಕೈ ಬದಲಾಯ್ತು ಅಮ್ಮ" ಎಂದಳು ಒತ್ತಕ್ಕ. "ನನ್ನ ತಮ್ಮನ್ನ ಕೂರಿಸಿ ನಾನು ಎದ್ದು ಹೋದೆ. ನಿಮಗೆ ಹೇಳಲಿಲ್ಲ."

"ಗೊತ್ತಾಯ್ತು."

"ಯಾರು ಹೇಳಿದ್ರು?"

"ಮಲಗಿದ್ದಾಗಲೇ ಗೊತ್ತಾಯ್ತು." ಉಸಿರಿಗೊಂದು ಮಾತಾಗಿ ಬರುತ್ತಿತ್ತು. "ಮಕ್ಕಳನ್ನ ಸಾಕಿದ ಮೈ. ಯಾರ ಕೈ ಅಂತ ತಿಳಿಯಲ್ವಾ."

"ಹಾಸಿಗೆ ತಟ್ಟಬಹುದಿತ್ತಲ್ಲಮ್ಮ."

"ನೀನೇ ಕೂರಿಸಿದೀಯ ಅಂದ್ಕೊಂಡೆ. ನೀನು ಕೂರಿಸಿದ ಮೇಲೆ ಸರಿಯಾಗೇ ಇರುತ್ತೆ ಅಂತ ಹಲ್ಲು ಕಚ್ಚಿದೆ."

ಹಿರಿಯವ ಕಿಟಕಿಯ ಕಡೆ ತಿರುಗಿದ. ತಾಯಿಗೆ ಕೆಮ್ಮು ಹತ್ತಿತು. ಒಂದೊಂದು ಕೆಮ್ಮಿಗೂ ಮುಖ ಮುರುಟುತ್ತಿತ್ತು. ಒತ್ತಕ್ಕನ ಕೈ ತಾನಾಗಿ ಮುಂದೆ ಹೋಗಿ, ಆ ಬೆನ್ನಿಗೆ ತಾಗುವ ಮೊದಲು ನಿಂತಿತು.

"ಮುಟ್ಟಲಾ?" ಎಂದು ಕೇಳಿದಳು.

"ಬೇಡ" ಎಂದಳು ತಾಯಿ.

ಒತ್ತಕ್ಕ ಕೈ ಹಿಂದಕ್ಕೆಳೆದು ಮಡಿಲಲ್ಲಿಟ್ಟುಕೊಂಡು, ಕೆಮ್ಮು ನಿಲ್ಲುವವರೆಗೆ ಹಾಗೆಯೇ ಕೂತಳು.