ಮೇಲಿನ ಕೋಲು

"ಅಕ್-ಕಪ್ಕಾ! ಶರ್ಶೆನ್ ಜುಮಾಗುಲೊವ್!"

ವೈರ್‌ಲೆಸ್ಸಿನಲ್ಲಿ ಠಾಣೆಯ ಹೆಸರು, ತಮ್ಮ ಹೆಸರು ಬಂದದ್ದೇ ತಡ, ಮಾವ ಟೋಪಿ ಸರಿಮಾಡಿಕೊಂಡು ಎದ್ದು ನಿಂತರು. "ಇದ್ದೀನಿ," ಎಂದರು. ಮೂವತ್ತನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ಹೀಗೆಯೇ. ನೋಡುವವರು ಯಾರೂ ಇಲ್ಲದಿದ್ದರೂ ಎದ್ದೇ ನಿಲ್ಲಬೇಕು, ಟೋಪಿ ನೆಟ್ಟಗಿರಲೇಬೇಕು. ಆಮೇಲೆ ಅಳತೆ ಪುಸ್ತಕ ನೋಡಿ ಬೆಟ್ಟದ ಇಳಿಜಾರಿನಲ್ಲಿ ನೆಟ್ಟ ಮೂರು ಅಳತೆ ಕೋಲುಗಳ ಹಿಮವನ್ನು ಸೆಂಟಿಮೀಟರಿನಲ್ಲಿ ಒಪ್ಪಿಸಿದರು. ಕೆಳಗಿನದು ನೂರ ಅರವತ್ತು, ನಡುವಿನದು ನೂರ ತೊಂಬತ್ತೆರಡು, ಮೇಲಿನದು ಇನ್ನೂರ ಹದಿನಾಲ್ಕು.

"ಉಪಕಾರ ಆಯ್ತು, ಯಜಮಾನ್ರೇ," ಎಂದ ಕೆಳಗಿನ ಗೇಟಿನಿಂದ ರಸ್ತೆ ಮುಖ್ಯಸ್ಥ ನಸಿಪ್ಬೆಕ್. "ನಿಮ್ಮ ಸೊಸೆ ಇದ್ದಾಳಾ? ಅವಳ ಲೆಕ್ಕ ಹಸಿರು ತೋರಿಸ್ತಿದೆ ಇಲ್ಲಿ. ಹನ್ನೆರಡಕ್ಕೆ ಒಂದ್ಸಲ ಅವಳು ಬಾಯಿಬಿಟ್ಟು ಹೌದು ಅಂದ್ರೆ ಒಂದಕ್ಕೆ ಗೇಟು ಎತ್ತಿಬಿಡ್ತೀನಿ. ಅರವತ್ತೆರಡು ಗಾಡಿ ನಿಂತಿವೆ ಇಲ್ಲಿ. ಜನ ನನ್ನನ್ನ ಹರಿದು ತಿನ್ನೋದೊಂದು ಬಾಕಿ."

ಸೊಸೆ ಬೂರುಲ್ ಚಹಾ ಕಾಯಿಸುವ ಸಮೋವರಿನ ಪಕ್ಕದಲ್ಲಿ ಕೂತಿದ್ದಳು. ಮಾವನ ಎದುರು ಎಂದು ತಲೆಗೆ ಬಟ್ಟೆ ಕಟ್ಟಿದ್ದಳು, ಒಲೆಯ ಶಾಖಕ್ಕೆ ನೆತ್ತಿ ಬೆವರಿ ಕೆರೆಯುತ್ತಿತ್ತು. ಬಿಷ್ಕೆಕ್ಕಿನ ಕಚೇರಿಯಲ್ಲಿ ಬರಿತಲೆಯಲ್ಲಿ ಇಬ್ಬರು ಗಂಡಸರಿಗೆ ಕೆಲಸ ಹೇಳುವ ಹೆಂಗಸು ಅವಳು. ಹನ್ನೊಂದು ಠಾಣೆಗಳ ಹಳೆಯ ಅಳತೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಯಾವ ಇಳಿಜಾರು ಯಾವ ದಿನ ರಸ್ತೆಯ ಮೇಲೆ ಕುಸಿಯಬಹುದು ಎಂದು ಹಸಿರು, ಹಳದಿ, ಕೆಂಪು ಬಣ್ಣದಲ್ಲಿ ಹೇಳುವ ಲೆಕ್ಕ ಅವಳದು. ಗುರುವಾರ ಇಲ್ಲಿನ ಹಿಮ ಅಳೆಯುವ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ಸಂಜೆಗೆ ವಾಪಸ್ ಬರುತ್ತೇನೆ ಎಂದು ಹತ್ತಿ ಬಂದವಳು ನಾಲ್ಕು ದಿನದಿಂದ ಸಿಕ್ಕಿಬಿದ್ದಿದ್ದಳು. ಬಾಗಿಲಿನ ಮುಂದೆ ಎದೆಮಟ್ಟ ಹಿಮ. ಒಂದೇ ಕೋಣೆ, ಒಂದೇ ಒಲೆ, ಒಂದೇ ಕಿಟಕಿ. ಮಾವ ಏಳುವ ಮೊದಲು ಏಳಬೇಕು, ಅವರು ಮಲಗಿದ ಮೇಲೆ ಪರದೆಯ ಆಚೆ ಮಲಗಬೇಕು, ಅವರಿಗೆ ಬೆನ್ನು ಹಾಕಿ ಕೂರಬಾರದು. ಒಳ್ಳೆಯ ಮನುಷ್ಯ, ಒಂದು ದಿನವೂ ಗದರಿದವರಲ್ಲ. ಆದರೆ ನಾಲ್ಕು ದಿನ ಬೆನ್ನು ಹಾಕದೆ ಕೂತು ನೋಡಿ, ಗೊತ್ತಾಗುತ್ತದೆ.

ಅವರ ಹೆಸರನ್ನಂತೂ ಅವಳು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಎತ್ತಿದವಳಲ್ಲ. ಸೊಸೆಯಾದವಳು ಗಂಡನ ಅಪ್ಪನ ಹೆಸರು ಹೇಳುವುದುಂಟೆ? ಕಚೇರಿಯಲ್ಲಿ ಅದೇ ಹೆಸರಿನ ಡ್ರೈವರ್ ಒಬ್ಬನಿದ್ದ. ಅವನನ್ನೂ ಅವಳು 'ಬಿಳಿ ಜೀಪಿನ ಅಣ್ಣ' ಎಂದೇ ಕರೆಯುತ್ತಿದ್ದಳು. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ಅವರೂ ಹಾಗೇ ಕರೆಯತೊಡಗಿದರು.

ಹತ್ತು ಗಂಟೆಗೆ ಮೋಡ ಹರಿದು ಬಿಸಿಲು ಬಿತ್ತು. ಮಾವ ಸಲಿಕೆ ಹಿಡಿದು ಬಾಗಿಲ ಮುಂದೆ ಹಿಮ ತೋಡಲು ಹೋದರು. ಬೂರುಲ್ ಕಿಟಕಿಯ ಬಳಿ ನೇತುಹಾಕಿದ್ದ ದುರ್ಬೀನು ತೆಗೆದು ಹಾಗೇ ಸುಮ್ಮನೆ ಬೆಟ್ಟ ನೋಡಿದಳು. ಠಾಣೆಯ ಹತ್ತಿರದ ಕೆಳಗಿನ ಕೋಲು ಕಂಡಿತು. ನಡುವಿನ ಕೋಲು, ಅದಕ್ಕೆ ಕಟ್ಟಿದ ತನ್ನ ಯಂತ್ರ, ಎರಡೂ ಕಂಡವು. ಮೇಲಿನ ಕೋಲು ಕಾಣಲಿಲ್ಲ.

ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಕೆಂಪು ಬಳಿದ ನಾಲ್ಕು ಮೀಟರಿನ ಕಬ್ಬಿಣ ಅದು, ಬಚ್ಚಿಟ್ಟುಕೊಳ್ಳುವ ವಸ್ತುವಲ್ಲ. ಅದು ಇರಬೇಕಾದ ಕಡೆ ಬರೀ ಬಿಳುಪು. ಅಷ್ಟೇ ಅಲ್ಲ, ಅದರ ಪಕ್ಕದ ಒಂಟಿ ಬಂಡೆಯೂ ಇರಲಿಲ್ಲ. ಆ ಬಂಡೆ ಎರಡಾಳೆತ್ತರ. ಎಂಥಾ ಚಳಿಗಾಲದ ಫೋಟೋದಲ್ಲೂ ಅದರ ಕರಿ ತಲೆ ಕಾಣದೆ ಇದ್ದದ್ದಿಲ್ಲ.

ದುರ್ಬೀನು ಇಟ್ಟು ಲ್ಯಾಪ್‌ಟಾಪು ತೆರೆದಳು. ಯಂತ್ರ ಕೊಟ್ಟ ನಡುವಿನ ಕೋಲಿನ ಅಂಕಿ, ಮಾವ ಕೊಟ್ಟ ಮೇಲಿನ ಕೋಲಿನ ಅಂಕಿ, ಅಕ್ಕಪಕ್ಕ ಇಟ್ಟು ಕಳೆದಳು. ಇಪ್ಪತ್ತೆರಡು. ನಿನ್ನೆಯದೂ ಇಪ್ಪತ್ತೆರಡು. ಕಳೆದ ವರ್ಷ ಜನವರಿಯಲ್ಲಿ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತೈದು. ಗಾಳಿ ಪಶ್ಚಿಮದಿಂದ ಬೀಸಲಿ, ಪೂರ್ವದಿಂದ ಬೀಸಲಿ, ಎರಡು ಚಳಿಗಾಲದುದ್ದಕ್ಕೂ ಅಷ್ಟೇ. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಹಾಗಿರಲಿಲ್ಲ. ಒಂದು ದಿನ ಐದು, ಮರುದಿನ ತೊಂಬತ್ತು. ನಿಜವಾಗಿ ಅಳೆದ ಅಂಕಿಗಳಿಗೆ ಶಿಸ್ತಿರುವುದಿಲ್ಲ.

ಇದನ್ನು ಹಿಡಿಯಲೆಂದೇ ಅವಳು ಒಂದು ಪರೀಕ್ಷೆ ಮಾಡಿಟ್ಟಿದ್ದಳು. ಹೊರಗೆ ಹೋಗದೆ ಒಲೆ ಮುಂದೆ ಕೂತು ಅಂಕಿ ಬರೆಯುವವರನ್ನು ಅದು ಕ್ಷಣದಲ್ಲಿ ಹಿಡಿಯುತ್ತಿತ್ತು. ಹತ್ತು ಠಾಣೆಗಳ ಪುಸ್ತಕಗಳನ್ನು ಅದರಲ್ಲಿ ಹಾಯಿಸಿದ್ದಳು. ಒಬ್ಬ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡಿದ್ದ. ಹನ್ನೊಂದನೆಯದನ್ನು ಹಾಯಿಸಿರಲಿಲ್ಲ. "ಅಪ್ಪನ ಪುಸ್ತಕಾನೂ ತಿದ್ತೀಯಾ? ಇನ್ನು ಅವರ ಕಾಲ್ಚೀಲಾನೂ ಮೂಸಿ ನೋಡ್ಬಿಡು," ಎಂದು ಗಂಡ ಮಕ್ಸಾತ್ ಊಟಕ್ಕೆ ಕೂತಾಗ ನಕ್ಕಿದ್ದ. ಅವಳೂ ನಕ್ಕಿದ್ದಳು. ಮಾವನನ್ನು ಸೊಸೆ ಪರೀಕ್ಷಿಸುವುದು ಅವಳಿಗೂ ಅಸಹ್ಯವೆನ್ನಿಸಿತ್ತು. ಇದ್ದ ಒಂದೇ ಯಂತ್ರವನ್ನು ನಡುವಿನ ಕೋಲಿಗೆ ಹಾಕಿಸಿದವಳೂ ಅವಳೇ. ಮೇಲಿನದಕ್ಕೆ ಮಾವನ ಕಣ್ಣಿದೆಯಲ್ಲ ಎಂದು.

ಮಾವ ಬೂಟು ಕೊಡವಿ ಒಳಗೆ ಬಂದರು. ಬೂರುಲ್ ಚಹಾ ಕೊಟ್ಟಳು. ಕೇಳುವುದು ಹೇಗೆ? ಮಾವನನ್ನು 'ಸುಳ್ಳು ಬರೆದಿರಾ' ಎಂದು ಕೇಳುವ ಮಾತು ಯಾವ ಸೊಸೆಯ ನಾಲಿಗೆಯಲ್ಲಿದೆ?

"ಮಾವಾ, ಬಿಸಿಲು ಚೆನ್ನಾಗಿದೆ. ಮೇಲಿನ ಕೋಲು ಇನ್ನೊಂದ್ಸಲ ನೋಡ್ತೀರಾ? ನನಗೆ ಸರಿಯಾಗಿ ಓದೋಕೆ ಬರ್ತಿಲ್ಲ," ಎಂದು ದುರ್ಬೀನು ಚಾಚಿದಳು.

"ಪಟ್ಟಣದ ಕಣ್ಣು," ಎಂದು ಅವರು ನಗುತ್ತ ತೆಗೆದುಕೊಂಡರು. ಕಿಟಕಿಯ ಬಳಿ ನಿಂತರು. ಸರಿಯಾದ ಜಾಗಕ್ಕೇ ತಿರುಗಿಸಿದರು, ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಚಕ್ರ ತಿರುಗಿಸಿ, ಉಸಿರು ಬಿಗಿಹಿಡಿದು, ಬಹಳ ಹೊತ್ತು ನೋಡಿದರು. "ಇನ್ನೂರ ಹದಿನಾಲ್ಕು. ಹದಿನೈದು ಅಂತ ಬೇಕಾದ್ರೆ ಬರ್ಕೋ."

ದುರ್ಬೀನು ಇಳಿಸಿ ತಿರುಗಿದ ಅವರ ಕಣ್ಣನ್ನು ಬೂರುಲ್ ನೋಡಿದಳು. ಬಿಸಿಲಿಗೆ ಎರಡೂ ಕಣ್ಣುಪಾಪೆಗಳ ಮೇಲೆ ಹಾಲಿನ ಕೆನೆ ಕಟ್ಟಿದ್ದು ಕಂಡಿತು. ನಾಲ್ಕು ದಿನ ಒಂದೇ ಕೋಣೆಯಲ್ಲಿದ್ದೂ ನೋಡಿರಲಿಲ್ಲ. ಮಾವನ ಮುಖವನ್ನು ನೆಟ್ಟಗೆ ನೋಡುವ ರೂಢಿಯೇ ಅವಳಿಗಿರಲಿಲ್ಲ.

"ಮಾವಾ... ಅಲ್ಲಿ ಕೋಲೇ ಇಲ್ಲ."

ಅವರು ದುರ್ಬೀನನ್ನು ಮತ್ತೆ ಕಣ್ಣಿಗೆ ಏರಿಸಿದರು. "ಏನಂದೆ?"

"ಬಿದ್ದುಹೋಗಿದೆ. ಅಂಕಿ ನೋಡಿದ್ರೆ ಎರಡು ವರ್ಷ ಆಗಿರಬೇಕು."

"ಹುಚ್ಚೀ," ಎಂದರು. ದುರ್ಬೀನನ್ನು ನಿಧಾನ ಮೊಳೆಗೆ ಹಾಕಲು ಹೋದರು, ಮೊಳೆ ಎರಡು ಸಲ ತಪ್ಪಿತು. ಹಾಸಿಗೆಯ ಅಂಚಿನಲ್ಲಿ ಕೂತರು. "ಮಂಜು ಮಂಜಾಗಿತ್ತು, ಒಪ್ಕೊಳ್ತೀನಿ. ಆದ್ರೆ ಅದು ಅಲ್ಲೇ ಇದೆ ಅಂದ್ಕೊಂಡಿದ್ದೆನಲ್ಲ. ನನಗೆ ಕಾಣ್ತಾ ಇತ್ತಲ್ಲ, ಮಗಾ."

"ಈ ಸಲ ಪೂರ್ವದ ಗಾಳಿ. ಹಿಮ ಎಲ್ಲಾ ಅಲ್ಲೇ ಬಂದು ತುಂಬಿದೆ. ಒಂಟಿ ಬಂಡೆ ಮುಳುಗಿದೆ."

ಬಂಡೆ ಎಂದದ್ದಕ್ಕೆ ಅವರು ತಲೆಯೆತ್ತಿದರು. ಆ ಬಂಡೆ ಮುಳುಗುವುದೆಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೂರುಲ್ ಲ್ಯಾಪ್‌ಟಾಪಿನಲ್ಲಿ ಇನ್ನೂರ ಹದಿನಾಲ್ಕನ್ನು ಅಳಿಸಿ, ಬಂಡೆಯ ಎತ್ತರ ಹಿಡಿದು ಮುನ್ನೂರ ಐವತ್ತು ಹಾಕಿದಳು. ಅಕ್-ಕಪ್ಕಾದ ಪಟ್ಟಿ ಹಳದಿಯಲ್ಲೂ ನಿಲ್ಲದೆ ಕೆಂಪಾಯಿತು. ಮೂವತ್ತನಾಲ್ಕು ವರ್ಷದ ಪುಸ್ತಕಗಳಲ್ಲಿ ಹೀಗೆ ಕೆಂಪಾಗುವ ದಿನಗಳು ಎರಡೇ ಇದ್ದವು. ಎರಡೂ ದಿನ ಕೆಳಗಿನ ರಸ್ತೆ ನೂರು ಮೀಟರು ಇಲ್ಲವಾಗಿತ್ತು.

"ಗೇಟು ಎತ್ತಬಾರದು," ಎಂದರು ಮಾವ. "ವಾಪಸ್ ಕಳಿಸಲಿ, ಕೆಳಗಿನ ಹಳ್ಳಿ ಶಾಲೇಲಿ ಮಲಗಲಿ ಜನ." ಮೊಣಕಾಲಿನ ಮೇಲೆ ಅಂಗೈ ಉಜ್ಜಿದರು. "ಆದ್ರೆ ನನ್ನ ಮಾತು ಎತ್ತಬೇಡ. ಯಂತ್ರ ಕೆಟ್ಟಿದೆ, ಲೆಕ್ಕ ನಂಬೋಹಾಗಿಲ್ಲ ಅನ್ನು. ಮೇ ತಿಂಗಳಿಗೆ ನಾನೇ ಬಿಟ್ಟು ಇಳಿದುಬರ್ತೀನಿ. ಅಷ್ಟು ಮಾಡು." ಕೊನೆಯ ಮಾತನ್ನು ಅವರು ಬೇಡಿಕೊಂಡ ಹಾಗೆ ಹೇಳಿದರು. ಅದನ್ನು ಕೇಳಲಾರದೆ ಬೂರುಲ್ ತಲೆಯಾಡಿಸಿಬಿಟ್ಟಳು.

ಹನ್ನೆರಡಕ್ಕೆ ವೈರ್‌ಲೆಸ್ ಒದರಿತು. ಆ ಸಾಲಿನಲ್ಲಿ ಹನ್ನೊಂದು ಠಾಣೆಗಳೂ ಕಿವಿಗೊಟ್ಟಿರುತ್ತವೆ, ಹಿಮ ತಳ್ಳುವ ಗಾಡಿಗಳ ಡ್ರೈವರುಗಳೂ ಕೇಳುತ್ತಿರುತ್ತಾರೆ. ಅರ್ಧಕ್ಕರ್ಧ ನೆಂಟರು.

"ಹೇಳು ತಂಗಿ, ಎತ್ತಲಾ?"

"ಬೇಡ ಅಣ್ಣಾ. ನನ್ನ ಯಂತ್ರ ಕೈಕೊಟ್ಟಿದೆ. ಹಸಿರು ನಂಬಬೇಡಿ. ಎಲ್ಲರನ್ನೂ ವಾಪಸ್ ಕಳಿಸಿ."

"ಅಯ್ಯೋ, ಅಷ್ಟೇನಾ!" ನಸಿಪ್ಬೆಕ್ ನಕ್ಕ. "ಯಂತ್ರ ಹಾಳಾಗಿ ಹೋಗ್ಲಿ ಬಿಡು. ಅದು ಹುಟ್ಟೋಕೆ ಮುಂಚೆ ನಾವು ರಸ್ತೆ ನಡೆಸಿಲ್ವಾ? ಹಿರಿಯರ ಪುಸ್ತಕ ಇದೆಯಲ್ಲ. ಮೇಲಿನ ಕೋಲು ಇನ್ನೂರ ಹದಿನಾಲ್ಕು ಅಂತ ಬೆಳಿಗ್ಗೆ ಅವರ ಬಾಯಿಂದಾನೇ ಕೇಳ್ದೆ. ಇನ್ನೂರ ಐವತ್ತರ ತನಕ ಭಯ ಇಲ್ಲ. ಅವರ ಕಣ್ಣಿಗಿಂತ ನಿನ್ನ ಡಬ್ಬ ದೊಡ್ಡದಾ? ಇಲ್ಲಿ ಡೀಸೆಲ್ ಮುಗೀತಿದೆ, ಬಸ್ಸಲ್ಲಿ ಮಕ್ಕಳಿದಾರೆ. ಎತ್ತಿಸ್ತೀನಿ."

ಸುಳ್ಳು ಹೋಗಿ ಗೋಡೆಗೆ ಬಡಿದಿತ್ತು. ಬೂರುಲ್ ಮಾವನ ಕಡೆ ತಿರುಗಿದಳು. ನೀವೇ ಒಂದು ಮಾತು ಹೇಳಿ ಎಂದು ಬಾಯಿ ತೆರೆಯದೆಯೇ ಕೇಳಿದಳು, ವೈರ್‌ಲೆಸ್ಸಿನ ಮೈಕು ಚಾಚಿದಳು. ಅವರು ಕೈ ಎತ್ತಿದರು, ಅರ್ಧಕ್ಕೆ ಬಂದ ಕೈ ಮತ್ತೆ ಮೊಣಕಾಲಿಗೆ ಇಳಿಯಿತು. ತನ್ನ ಬೂಟುಗಳನ್ನೇ ನೋಡುತ್ತ ಕೂತರು. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಬಾಗಿಲ ಕಡೆ ನೋಡಿದಳು. ಹೊರಗೆ ಹೋಗಿ ನಿಲ್ಲಲಿಕ್ಕಾದರೂ ಒಂದು ಜಾಗ ಬೇಡವೆ ಈ ಹಾಳು ಬೆಟ್ಟದಲ್ಲಿ!

"ಠಾಣೆಯವರು ಸುಮ್ಮನಿದಾರೆ ಅಂದ್ರೆ ಒಪ್ಪಿಗೆ ಅಂತ ತಿಳ್ಕೋತೀನಿ," ಎಂದ ನಸಿಪ್ಬೆಕ್. ಹಿಂದಿನಿಂದ ಎಂಜಿನ್ನುಗಳು ಚಾಲೂ ಆಗುವ ಸದ್ದು ಕೇಳಿಸಿತು.

ಬೂರುಲ್ ಗುಂಡಿ ಒತ್ತಿದಳು. "ಎತ್ತಬೇಡಿ. ಮೇಲಿನ ಕೋಲಿನ ಅಳತೆ ರದ್ದು ಮಾಡ್ತಿದೀನಿ."

ಆ ಕಡೆ ನಗು ನಿಂತಿತು. "ರದ್ದು? ಅದಕ್ಕೆ ರೀತಿ ಇದೆ ತಂಗಿ. ಯಾವ ಠಾಣೆ, ಯಾರ ಅಳತೆ, ಯಾಕೆ. ಪೂರ್ತಿ ಹೆಸರು ಹೇಳ್ಬೇಕು, ರೆಕಾರ್ಡ್ ಆಗ್ತಿದೆ."

"ಅಕ್-ಕಪ್ಕಾ ಠಾಣೆ. ಇಲ್ಲಿನ ಹಿರಿಯರ ಅಳತೆ."

"ಹಿರಿಯರು ಅಂತ ಬರ್ಕೊಳ್ಲಾ? ಹೆಸರು, ಹೆಸರು ಹೇಳು!"

ಮದುವೆಯಾಗಿ ಬಂದ ದಿನ ಅತ್ತೆ ಅವಳ ಕಿವಿಯಲ್ಲಿ ಹೇಳಿದ ಮೊದಲ ಮಾತು ಈ ಹೆಸರಿನ ಬಗ್ಗೆಯೇ ಆಗಿತ್ತು. ಅತ್ತೆಯೂ ಸಾಯುವವರೆಗೆ ಗಂಡನ ಹೆಸರು ಎತ್ತಿದವರಲ್ಲ. ಬೂರುಲ್ ಕಣ್ಣು ಮುಚ್ಚಿಕೊಂಡಳು.

"ಶರ್ಶೆನ್ ಜುಮಾಗುಲೊವ್," ಎಂದಳು.

"ಇದ್ದೀನಿ."

ಅವಳು ಬೆಚ್ಚಿ ಕಣ್ಣು ಬಿಟ್ಟಳು. ಮಾವ ಎದ್ದು ನಿಂತಿದ್ದರು. ಟೋಪಿ ನೆಟ್ಟಗಿತ್ತು. ಮೂವತ್ತನಾಲ್ಕು ವರ್ಷದ ರೂಢಿ ಅವರನ್ನು ಕೇಳದೆಯೇ ಎಬ್ಬಿಸಿ ನಿಲ್ಲಿಸಿಬಿಟ್ಟಿತ್ತು. ಮೈಕಿನ ಗುಂಡಿ ಅವಳ ಬೆರಳಡಿಯಲ್ಲೇ ಇತ್ತು, ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಮಾವ ಅವಳ ಕೈಯಲ್ಲಿದ್ದ ಮೈಕಿನ ಕಡೆ ಬಾಗಿದರು.

"ಬರ್ಕೋ, ನಸಿಪ್ಬೆಕ್. ನನಗೆ ಕಣ್ಣು ಕಾಣಲ್ಲ. ಮೇಲಿನ ಕೋಲು ಎರಡು ವರ್ಷದಿಂದ ಇಲ್ಲ. ಒಂಟಿ ಬಂಡೆ ಮುಳುಗಿದೆಯಂತೆ, ಅವಳು ನೋಡಿದಾಳೆ. ಅವಳು ಹೇಳಿದ ಹಾಗೇ ಬರ್ಕೋ."

"ಬಂಡೆ..." ಎಂದ ನಸಿಪ್ಬೆಕ್. ಆಮೇಲೆ ಮೈಕು ಬಿಡುವುದನ್ನೂ ಮರೆತು ಯಾರನ್ನೋ ಕೂಗಿದ. "ಏಯ್, ನಿಲ್ಸೋ! ಗೇಟು ಇಳ್ಸು! ಎಲ್ಲಾ ತಿರುಗಿಸ್ರೋ ಗಾಡೀನ!"

ಬೂರುಲ್ ದುರ್ಬೀನು ಹಿಡಿದು ಕಿಟಕಿಗೆ ಹೋದಳು. ದೂರದಲ್ಲಿ ಗಾಡಿಗಳು ಒಂದೊಂದಾಗಿ ಹಿಂದೆ ಮುಂದೆ ಮಾಡುತ್ತ ತಿರುಗಿಕೊಳ್ಳುತ್ತಿದ್ದವು. ಬಸ್ಸು ಬಹಳ ಹೊತ್ತು ತೆಗೆದುಕೊಂಡಿತು. ತಾನು ಮಾವನಿಗೆ ಪೂರ್ತಿ ಬೆನ್ನು ಹಾಕಿ ನಿಂತಿದ್ದೇನೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಬಾಗಿಲು ಬಿಡಿಸಲು ಹಿಮ ತಳ್ಳುವ ಗಾಡಿ ಬರುವುದು ಇನ್ನು ಮೂರು ದಿನಕ್ಕೆ. ಈ ಮೂರು ದಿನ ಇದೇ ಕೋಣೆ, ಇದೇ ಒಲೆ. ಕ್ಷಮಿಸಿ ಎನ್ನಬೇಕೆಂದರೂ ಏನೆಂದು ಕರೆದು ಕ್ಷಮಿಸಿ ಎನ್ನುವುದು, ಹೆಸರನ್ನೇ ಎತ್ತಿದ ಬಾಯಲ್ಲಿ?

ಹಿಂದೆ ಬಟ್ಟಲಿನ ಸದ್ದಾಯಿತು. ತಿರುಗಿ ನೋಡಿದಳು. ಮಾವ ಹಾಸಿಗೆಯ ಅಂಚಿನಲ್ಲಿ ಕೂತು ಚಹಾದ ಖಾಲಿ ಬಟ್ಟಲನ್ನು ಮುಂದಕ್ಕೆ ಚಾಚಿದ್ದರು. ಅವಳಿದ್ದ ಕಿಟಕಿಯ ಕಡೆಗಲ್ಲ. ಸಮೋವರಿನ ಪಕ್ಕ, ಅವಳು ದಿನಾ ಕೂರುವ ಜಾಗದ ಕಡೆಗೆ.

"ಅರ್ಧ ಹಾಕು ಸಾಕು, ಮಗಾ," ಎಂದರು ಆ ಖಾಲಿ ಜಾಗಕ್ಕೆ.

ಬೂರುಲ್ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ತಾನು ಅಲ್ಲಿರಲಿಲ್ಲವೆಂದು ಅವರಿಗೆ ತಿಳಿಯಬಾರದೆಂದು, ಹಲಗೆ ಕಿರುಗುಟ್ಟದ ಹಾಗೆ ಗೋಡೆಯ ಪಕ್ಕದಿಂದ ಬಳಸಿ ಹೋಗಿ, ಅಲ್ಲೇ ಕೂತಿದ್ದವಳ ಹಾಗೆ ಕೂತು, ಬಟ್ಟಲು ತೆಗೆದುಕೊಂಡಳು.