ಜಪ್ಪಯ್ಯ ಅಂದರೂ ಕದಲದ ಹನಿ

ಹನಿ ನಿಂತಿತು. ಗಾಜಿನ ಬಿಲ್ಲೆಯೊಳಗೆ ಕೂದಲಷ್ಟು ಸಣ್ಣ ಕಾಲುವೆ. ಅದರಲ್ಲಿ ಎಣ್ಣೆಯ ಜೊತೆ ಓಡಿಬರುತ್ತಿದ್ದ ಬಣ್ಣದ ನೀರಿನ ಹನಿ, ಲೇಸರ್ ಬಿಸಿ ಮಾಡಿದ ಜಾಗ ಮುಟ್ಟಿದ್ದೇ ತಡ, ಗಕ್ಕನೆ ನಿಂತುಬಿಟ್ಟಿತು. ಹಿಂದಿನಿಂದ ಎಣ್ಣೆ ಎಷ್ಟು ನೂಕಿದರೂ ಜಪ್ಪಯ್ಯ ಅಂದರೂ ಕದಲಲಿಲ್ಲ.

ಪ್ರಯೋಗ ಮಾಡುವ ತಂಗಿ ಇದನ್ನು ತಿಂಗಳಿಂದ ನೋಡುತ್ತಿದ್ದಳು. ಅಕ್ಕ ನೋಡಿದ್ದು ಇವತ್ತೇ. ಈ ಪ್ರಯೋಗಾಲಯಕ್ಕೆ ಅಕ್ಕನೇ ಯಜಮಾನಿ. ಬಿಸಿಯಾದ ಕಡೆಗೇ ಹನಿ ಓಡುತ್ತದೆ ಎಂದು ವರದಿ ಬರೆದು, ತನ್ನ ಹೆಸರಿನ ಕೆಳಗೆ ತಂಗಿಯ ಹೆಸರನ್ನೂ ಹಾಕಿಟ್ಟಿದ್ದಳು. ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ತಂಗಿಯ ಹೆಸರು ಅಚ್ಚಾಗುವುದು ಹುಟ್ಟಿದ ಮೇಲೆ ಇದೇ ಮೊದಲು.

"ಕಾಲುವೆ ಗಲೀಜಾಗಿದೆ ಕಣೆ," ಅಂದಳು ಅಕ್ಕ.

"ಈಗ ತಾನೇ ನೀನೇ ತೊಳೆದೆಯಲ್ಲ!"

ಅಕ್ಕ ಮೂಗು ಮುರಿದಳು. ಲೇಸರ್ ಬೆಳಕು ಆರಿಸಿದಳು, ಹನಿ ಸರಕ್ಕನೆ ಹೊರಟುಹೋಯಿತು. ಹೊತ್ತಿಸಿದಳು; ಮುಂದಿನ ಹನಿ ನಿಂತಿತು. ಅಬ್ಬಾ, ಏನು ಮೊಂಡು! ತಂಗಿಗೆ ಹಿಗ್ಗು ತಡೆಯಲಾಗಲಿಲ್ಲ.

"ಸೋಪು ಅಕ್ಕಾ! ಹನಿಗಳು ಒಂದಕ್ಕೊಂದು ಸೇರಿಹೋಗಬಾರ್ದು ಅಂತ ಎಣ್ಣೆಗೆ ಸೋಪು ಹಾಕ್ತೀವಲ್ಲ, ಅದೇ ಎಲ್ಲಾ ಉಲ್ಟಾ ಮಾಡಿ, ಹನೀನ ಬಿಸಿಯಿಂದ ಹಿಂದಕ್ಕೆ ತಳ್ತಿರೋದು. ನಿನ್ನ ಲೆಕ್ಕದಲ್ಲಿ ಸೋಪೇ ಇಲ್ಲ. ವಾಲ್ವ್ ಬೇಡ, ಏನೂ ಬೇಡ, ಬರೀ ಬೆಳಕಲ್ಲೇ ಹನಿ ತಡೀಬಹುದು. ಇದನ್ನ ಬರಿ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ನೀನು ಹೇಳೋದು ಸರಿ ಕಣೆ," ಅಂದಳು ಮೆಲ್ಲಗೆ. "ಮುಂದಿನ ವರ್ಷ ಬರೆಯೋಣ. ಈಗ ಸುಮ್ಮನಿರು. ನಾಲ್ಕು ವರ್ಷ ಊರೆಲ್ಲ ಸಾರಿಕೊಂಡು ಬಂದಿದ್ದೀನಿ. ಈಗ ತಪ್ಪು ಅಂದ್ರೆ ಯಾವ ಮುಖ ಹೊತ್ಕೊಂಡು ಓಡಾಡ್ಲಿ?"

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕವಳಿದ್ದಾಗ ಅ ಆ ಇ ಈ ತಿದ್ದಿಸಿ, ಸುಳ್ಳು ಹೇಳಿದರೆ ಕಿವಿ ಹಿಂಡುತ್ತಿದ್ದ ಅಕ್ಕನೇನು ಇವಳು? ಪೆನ್ನು ತೆಗೆದವಳೇ ವರದಿಯ ಮೇಲಿನ ತನ್ನ ಹೆಸರನ್ನು ಪರಪರ ಹೊಡೆದುಹಾಕಿದಳು. ಒಂದಕ್ಷರ ಉಳಿಸಲಿಲ್ಲ.

"ಲೇ ಹುಚ್ಚಿ! ಈ ಮೇಜಿನ ಮುಂದೆ ನಿನ್ನ ಕೂರಿಸಿದ್ದು ಯಾರು, ಮರೆತುಬಿಟ್ಯಾ?"

"ನೀನೇ. ಕಣ್ಣುಬಿಟ್ಟು ನೋಡು ಅಂತ ಕೂರಿಸಿದೆ. ನೋಡಿದೆ."

"ನಿನ್ನ ಹೆಸರು ತೆಗೆದ್ರೆ, ಪ್ರಯೋಗ ಮಾಡಿದ್ದು ಯಾರು ಅಂತ ಅಚ್ಚು ಹಾಕೋರು ಕೇಳಲ್ವೇನೆ?"

"ಕೇಳಲಿ. ನನ್ನ ಹತ್ರಾನೇ ಕಳಿಸು. ಹನಿ ನಿಲ್ಲಿಸಿ ತೋರಿಸ್ತೀನಿ."