ಹಸಿರು ಚೌಕದೊಳಗೆ ಅಪ್ಪ

ಅಕ್ಕ ಒಂದೇ ಪದವಿಗೆ ಗಣಿತ, ಕಂಪ್ಯೂಟರ್ ವಿಜ್ಞಾನ ಎರಡನ್ನೂ ಓದುತ್ತಿದ್ದಳು. ನನಗೆ ಒಂಬತ್ತನೇ ತರಗತಿಯೇ ತಲೆಗೆ ಹತ್ತಲಿಲ್ಲ. ಬಾಗಿಲ ಪಕ್ಕದ ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತೆ. ಅಲ್ಲಿಂದ ಮೆಟ್ಟಿಲವರೆಗಿನ ಕಾರಿಡಾರ್ ಪೂರ್ತಿ ಕಾಣುತ್ತದೆ. ಯಾರು ಬಂದರೂ ನಾನು ಮುಖ ನೋಡುವುದಿಲ್ಲ, ಕಾಲು ನೋಡುತ್ತೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅಕ್ಕ ಬಾಗಿಲ ಮೇಲೆ ಒಂದು ಹಳೆಯ ಮೊಬೈಲ್ ಕಟ್ಟಿದಳು. ಕಾರಿಡಾರಿನಲ್ಲಿ ಬರುವವರು ಯಾರೆಂದು ಅವಳ ಪ್ರೋಗ್ರಾಮ್ ನಡಿಗೆಯಿಂದಲೇ ಹೇಳಬೇಕು. ಗುರುತು ಸಿಕ್ಕಿದರೆ ಲ್ಯಾಪ್‌ಟಾಪಿನಲ್ಲಿ ಹಸಿರು ಚೌಕ, ಒಳಗೆ ಹೆಸರು. ಸಿಗದಿದ್ದರೆ ಕೆಂಪು ಚೌಕ, ‘ಗೊತ್ತಿಲ್ಲ’.

“ಕಳ್ಳ ನಿನ್ನ ಹಾಗೇ ನಡ್ಕೊಂಡು ಬಂದ್ರೆ?” ಅಪ್ಪ ಅಕ್ಕನನ್ನು ಕೇಳಿದರು.

“ನನ್ನ ಹಾಗೆ ಧಡಧಡ ನಡೆಯೋ ಕಳ್ಳ ಮೊದಲನೇ ಮೆಟ್ಟಿಲಲ್ಲೇ ಸಿಕ್ಕಿಬೀಳ್ತಾನೆ ಬಿಡಿ.”

ಅಪ್ಪ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು. ಹಗ್ಗದಲ್ಲಿ ತೂಗುವ ಹಲಗೆಯ ಮೇಲೆ ನಿಂತು ಮಾಡುವ ಕೆಲಸ.

ಮೊದಮೊದಲು ಎಲ್ಲರೂ ಹಸಿರು. ಬೇಸಿಗೆಯ ಹೊತ್ತಿಗೆ ಅಪ್ಪ ಒಮ್ಮೊಮ್ಮೆ ಕೆಂಪಾಗತೊಡಗಿದರು. ಅಕ್ಕ ಅವರ ಹೊಸ ವಿಡಿಯೋಗಳನ್ನು ಕೊಟ್ಟು ಪ್ರೋಗ್ರಾಮಿಗೆ ಮತ್ತೆ ಕಲಿಸಿದಳು. ಹಸಿರಾದರು. ಕೆಲವು ವಾರಕ್ಕೆ ಪುನಃ ಕೆಂಪು. ಪುನಃ ಕಲಿಸಿದಳು.

ನಾನು ಅಪ್ಪನ ಚಪ್ಪಲಿ ನೋಡುತ್ತಿದ್ದೆ. ಬಲಗಾಲಿನದು ಚೆನ್ನಾಗಿತ್ತು. ಎಡಗಾಲಿನದು ಹೆಬ್ಬೆರಳ ಕೆಳಗೆ ಸವೆದು ತೆಳ್ಳಗಾಗುತ್ತಿತ್ತು. ಹೇಳಬೇಕೆಂದು ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯುತ್ತಿತ್ತು. ಮನೆಯಲ್ಲಿ ನನ್ನ ಅಡ್ಡಹೆಸರೇ ಮೂಗಿ.

ಒಂದು ಬೆಳಿಗ್ಗೆ ಅಕ್ಕ ಗೊಣಗುತ್ತ ಕೂತಿದ್ದಳು. “ಕಂಪ್ಯೂಟರ್ ಮೇಷ್ಟ್ರಿಗೆ ಎಲ್ಲ ಹಸಿರಿದ್ರೆ ಸಾಕು. ಗಣಿತದ ಮೇಡಂಗೆ ಹಸಿರು ಕಂಡ್ರೇನೇ ಅನುಮಾನ. ಒಬ್ಬೊಬ್ಬರ ನಡಿಗೆ ಮೊದಲನೇ ತಿಂಗಳಿಂದ ಎಷ್ಟು ದೂರ ಸರಿದಿದೆ, ಚಿತ್ರ ಬರ್ಕೊಂಡು ಬಾ ಅಂದಿದ್ದಾರೆ.”

ಪರದೆಯ ಮೇಲೆ ಚುಕ್ಕಿಗಳು ಮೂಡಿದವು, ಒಂದೊಂದು ದಿನದ ನಡಿಗೆಗೆ ಒಂದೊಂದು. ಅಮ್ಮನವು ಒಂದೇ ಕಡೆ ಗುಂಪಾಗಿದ್ದವು, ನನ್ನವೂ ಹಾಗೇ. ಅಪ್ಪನವು ಮಾತ್ರ ಗೂಡು ಬಿಟ್ಟ ಇರುವೆಗಳಂತೆ ಒಂದರ ಹಿಂದೊಂದು ಒಂದೇ ದಿಕ್ಕಿಗೆ ಹೊರಟಿದ್ದವು. ಯಾವುದೂ ಹಿಂದಿರುಗಿರಲಿಲ್ಲ.

“ಪ್ರೋಗ್ರಾಮ್ ತಪ್ಪು ಹೇಳ್ತಿರ್ಲಿಲ್ಲ ಕಣೇ,” ಅಕ್ಕನ ದನಿ ಇಳಿದಿತ್ತು. “ಅಪ್ಪಾನೇ ಬದಲಾಗ್ತಿದ್ರು. ನಾನು ಪ್ರತಿ ಸಲ ‘ಇವರೇ ಅಪ್ಪ, ಒಪ್ಕೋ’ ಅಂತ ಅದರ ಬಾಯಿ ಮುಚ್ಚಿಸ್ತಾ ಬಂದೆ.”

ಮತ್ತೆ ಕಲಿಸುವ ಮುಂಚಿನ, ಮೊದಲನೇ ತಿಂಗಳ ಪ್ರೋಗ್ರಾಮನ್ನು ಹುಡುಕಿ ತೆರೆದಳು. ಅಷ್ಟರಲ್ಲಿ ಅಪ್ಪ ಊಟದ ಚೀಲ ಹಿಡಿದು ಹೊರಟರು.

“ಅಪ್ಪ, ಮೆಟ್ಟಿಲ ಹತ್ರದಿಂದ ಒಂದ್ಸಲ ಇಲ್ಲಿಗೆ ನಡ್ಕೊಂಡು ಬನ್ನಿ.”

“ಮದುಮಗನ ಹಾಗೆ ಬರ್ಲೋ, ಪೊಲೀಸಿನ ಹಾಗೋ?”

ಬಂದರು. ಕೆಂಪು ಚೌಕ. ಗೊತ್ತಿಲ್ಲ.

“ನೋಡಿದ್ಯಾ, ಅನ್ನ ಹಾಕಿದೋನನ್ನೇ ಗೊತ್ತಿಲ್ಲ ಅನ್ನುತ್ತೆ.” ನಕ್ಕರು. ಅಕ್ಕ ನಗಲಿಲ್ಲ. ನಾನು ಬಗ್ಗಿ ಅವರ ಎಡಗಾಲ ಚಪ್ಪಲಿಯನ್ನು ಮುಟ್ಟಿದೆ. ಅಪ್ಪ ಥಟ್ಟನೆ ಕಾಲು ಎಳೆದುಕೊಂಡರು. ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

“ಅಮ್ಮನಿಗೆ ಹೇಳ್ಬೇಡಿ. ಮೇಸ್ತ್ರಿಗಂತೂ ಬೇಡವೇ ಬೇಡ. ಮೊನ್ನೆ ಜೋಮು ಹಿಡಿದು, ಕಾಲು ಹಲಗೆ ಮೇಲಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಕೋಬೇಕಾಯ್ತು. ಆಮೇಲೆ ಸರಿಹೋಯ್ತು.”

“ಅಪ್ಪ, ಡಾಕ್ಟರ ಹತ್ರ...”

“ಈ ಗೋಡೆ ಮುಗೀಲಿ. ಇವತ್ತು ಮೇಲಿನ ಮಹಡಿಯದು.”

ಹೊರಟೇಹೋದರು. ಪರದೆ ಕೆಂಪಾಗಿಯೇ ಇತ್ತು.

“ಅಮ್ಮನಿಗೆ ನಾನು ಹೇಳ್ತೀನಿ,” ಅಕ್ಕ ಎದ್ದಳು. “ಮೇಸ್ತ್ರಿ ನಂಬರ್ ಯಾರ ಹತ್ರಾನೂ ಇಲ್ಲ. ಅಪ್ಪ ಹಲಗೆ ಏರೋದ್ರೊಳಗೆ ಮೇಸ್ತ್ರಿಗೆ ಯಾರು ಹೇಳೋದು?”

ನಾನು ಬಾಗಿಲು ದಾಟಿದ್ದೆ.

“ನೀನಾ?” ಎಂದು ಅಕ್ಕ ಅಂದದ್ದು ಕೇಳಿಸಿತು.

ಕೆಳಗಿನ ಮೆಟ್ಟಿಲುಗಳಲ್ಲಿ ಒಂದು ಹೆಜ್ಜೆಯ ಸದ್ದು, ಆಮೇಲೆ ಉಜ್ಜಿಕೊಂಡು ಹೋಗುವ ಸದ್ದು. ಸದ್ದಾಗದಂತೆ ನನ್ನ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆಯೇ ಇಳಿದೆ. ಕಂಡರೆ ಅಪ್ಪ ಮನೆಗೆ ಅಟ್ಟುತ್ತಿದ್ದರು. ಮೇಸ್ತ್ರಿಗೆ ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸುತ್ತಿದ್ದೆ. ತಿರುವಿನಲ್ಲಿ ಉಜ್ಜುವ ಸದ್ದು ನಿಂತಿತು. ನಾನೂ ನಿಂತೆ. ಅದು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.